ನಿತ್ಯತೆಯ ಮೇಷ್ಟ್ರಿಗೆ ನಾನು ಕೊಟ್ಟ ಒಂಬತ್ತು ದಿನ

ಮೇಷ್ಟ್ರ ಕತ್ತು ಎಡಕ್ಕೆ ವಾಲಿತ್ತು. ಹುಟ್ಟಿನಿಂದ ಬಂದದ್ದಲ್ಲ. ಡೆಟ್ರಾಯಿಟ್‌ನ ಒಂದು ಬಡ ಕ್ಯಾಥೊಲಿಕ್ ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು. ಅಲ್ಲಿಯ ಗ್ರಂಥಾಲಯದಲ್ಲಿ ಹಳೆಯ ಕೈಬರಹಗಳ ಫಿಲ್ಮು ನೋಡುವ ಯಂತ್ರ ಒಂದೇ ಇತ್ತಂತೆ, ಅದರ ಪರದೆ ಓರೆ. ಸರಿಮಾಡಿಸಿ ಎಂದು ವರ್ಷಕ್ಕೊಂದು ಅರ್ಜಿ ಕೊಟ್ಟರು, ಯಾರೂ ಮಾಡಿಸಲಿಲ್ಲ. ಕೊನೆಗೆ ಇವರ ಕತ್ತೇ ಯಂತ್ರಕ್ಕೆ ಹೊಂದಿಕೊಂಡಿತು. ತನಗಿಂತ ಗಿಡ್ಡಗಿರುವ ಯಾರದೋ ಮಾತನ್ನು ಕೇಳಿಸಿಕೊಳ್ಳುತ್ತಿರುವವರ ಹಾಗೆ ಯಾವಾಗಲೂ ಕಾಣುತ್ತಿದ್ದರು. ಹೊಸಬರು ಅವರ ಜೊತೆ ಮಾತಾಡುವಾಗ ತಮಗೇ ಗೊತ್ತಿಲ್ಲದೆ ತಾವೂ ಕತ್ತು ವಾಲಿಸುತ್ತಿದ್ದರು. ಅದನ್ನು ಕಂಡು ಮೇಷ್ಟ್ರಿಗೆ ಒಳಗೊಳಗೇ ನಗು.

ನಾನು ಅವರನ್ನು ಮೊದಲು ಕಂಡದ್ದು ಇಲಿನಾಯ್ಸಿನ ಸ್ಕೋಕಿ ಎಂಬ ಊರಿನ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಕೋಣೆಯಲ್ಲಿ. ನೇಪರ್‌ವಿಲ್‌ನ ಮನೆ ಬಿಟ್ಟು, ಹನ್ನೆರಡು ವರ್ಷದ ಮಗಳನ್ನು ಕರೆದುಕೊಂಡು ಅಲ್ಲಿಗೆ ಬಂದು ಒಂದು ವಾರವಾಗಿತ್ತು. ಮೈಸೂರಿನಲ್ಲಿರುವ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತ ಯಂತ್ರಕ್ಕೆ ಬಟ್ಟೆ ತುಂಬುತ್ತಿದ್ದೆ. ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಪುಸ್ತಕ ಹಿಡಿದು ಕೂತಿದ್ದ ಮುದುಕರೊಬ್ಬರು ತಲೆಯೆತ್ತದೆ, "ಅದರಲ್ಲಿ ಹಾಕ್ಬೇಡಿ, ಅದು ಸರಿಯಾಗಿ ಹಿಂಡೋದಿಲ್ಲ. ಈ ಕಡೇದು ತಗೊಳ್ಳಿ" ಎಂದರು. ಅಚ್ಚ ಮೈಸೂರಿನ ಕನ್ನಡ. ಫೋನು ಕೈಯಿಂದ ಜಾರುವುದೊಂದು ಬಾಕಿ.

"ಅಂಕಲ್, ನೀವು ಮೈಸೂರಿನವರಾ?" ಎಂದೆ.

"ಮೈಸೂರಿನವನು ಹೌದು. ಅಂಕಲ್ ಅಲ್ಲ. ಮೇಷ್ಟ್ರು ಅನ್ನಿ, ಸಾಕು."

ಮೈಸೂರಿನ ದೊಡ್ಡ ಚರ್ಚಿನ ಹಿಂದಿನ ಬೀದಿಯಲ್ಲಿ ಅವರ ಮನೆಯಿತ್ತು. ತಂದೆ ಬಡಗಿ, ಶವಪೆಟ್ಟಿಗೆ ಮಾಡುತ್ತಿದ್ದವರು. ಮೇಷ್ಟ್ರು ಅಕ್ಷರ ತಿದ್ದಿದ್ದು, ಮಗ್ಗಿ ಬರೆದದ್ದು ಎಲ್ಲ ಪೆಟ್ಟಿಗೆಯ ಮುಚ್ಚಳದ ಮೇಲೆ. ಬೇಸಿಗೆಯಲ್ಲಿ ಪೆಟ್ಟಿಗೆಯೊಳಗೇ ಮಲಗಿ ನಿದ್ದೆ ಮಾಡುತ್ತಿದ್ದರಂತೆ, ಮರ ತಣ್ಣಗಿರುತ್ತಿತ್ತು ಎಂದು. ಪಾದ್ರಿಯಾಗಲಿ ಎಂದು ಮನೆಯವರು ಗುರುಮಠಕ್ಕೆ ಸೇರಿಸಿದರು. ಆರು ವರ್ಷ ಓದಿ, ದೀಕ್ಷೆಗೆ ಮೊದಲೇ ಬಿಟ್ಟು, ಹೇಗೋ ಡೆಟ್ರಾಯಿಟ್‌ಗೆ ಬಂದರು. ಮದುವೆಯಾಗಲಿಲ್ಲ. ಕಾರು ಓಡಿಸುವುದನ್ನೂ ಕಲಿಯಲಿಲ್ಲ. ಡೆಟ್ರಾಯಿಟ್‌ನಲ್ಲಿ ಮೂವತ್ತು ವರ್ಷ ಕಾರಿಲ್ಲದೆ ಬದುಕಿದ ಬೇರೆ ಮನುಷ್ಯ ಯಾರಾದರೂ ಇದ್ದರೆ ತೋರಿಸು ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದರು. ಅವರು ಹೇಳುತ್ತಿದ್ದ ಪಾಠ ಸಾವಿರದ ಮುನ್ನೂರು, ಸಾವಿರದ ನಾನೂರು ವರ್ಷ ಹಿಂದಿನ ಕ್ರೈಸ್ತ ಸನ್ಯಾಸಿಗಳದು: ದೇವರ ನಿತ್ಯತೆ ಎಂದರೇನು, ಪ್ರವಾದಿ ಎಂದರೆ ಯಾರು. ಆ ಪಾಠಕ್ಕೆ ಕೊನೆಯ ವರ್ಷ ಇಬ್ಬರು ವಿದ್ಯಾರ್ಥಿಗಳಿದ್ದರು. ಮರುವರ್ಷ ವಿಭಾಗ ಮುಚ್ಚಿತು, ಇವರು ಸ್ಕೋಕಿಗೆ ಬಂದರು.

ಈಗ ನನ್ನ ವಿಷಯವನ್ನೂ ಹೇಳಬೇಕು, ಇಲ್ಲದಿದ್ದರೆ ಮೇಷ್ಟ್ರು ನನಗೆ ಏನಾಗಿದ್ದರು ಎಂಬುದು ತಿಳಿಯುವುದಿಲ್ಲ. ನನ್ನ ನಾಲಿಗೆ ಮೊದಲಿನಿಂದಲೂ ಚೂಪು. ನನ್ನ ಗಂಡನಿಗೆ ಡೆಟ್ರಾಯಿಟ್ ಕಡೆಯ ಒಂದು ಕಾರು ಕಂಪನಿಯಲ್ಲಿ ಕೆಲಸ. ಸೋಮವಾರ ನೇಪರ್‌ವಿಲ್‌ನಿಂದ ಹೊರಟರೆ ಶುಕ್ರವಾರ ವಾಪಸು, ಹೋಗುವಾಗ ಮುನ್ನೂರು ಮೈಲಿ, ಬರುವಾಗ ಮುನ್ನೂರು ಮೈಲಿ. ಒಂದು ಜನವರಿಯ ಸೋಮವಾರ ಹಿಮ ಬೀಳುತ್ತಿತ್ತು, ಹೋಗಬೇಡಿ ಎಂದೆ, ಮೀಟಿಂಗ್ ಇದೆ ಎಂದರು. ಮಾತಿಗೆ ಮಾತು ಬೆಳೆಯಿತು. "ಹೋಗಿ, ಹೋಗಿ. ಆ ರಸ್ತೇಲೇ ಒಂದಿನ ಸಾಯ್ತೀರಿ" ಎಂದುಬಿಟ್ಟೆ. ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ ಸ್ಟೋವ್ ಮುಂದಿನಿಂದ ಓಡಿಬಂದು, "ಬಿಡ್ತು ಅನ್ನು, ಬಿಡ್ತು ಅನ್ನು" ಎಂದರು. ನಾನು ಅನ್ನಲಿಲ್ಲ. ಸುಮ್ಮನೆ ಟಿಫನ್ ಬಾಕ್ಸ್ ಕಟ್ಟಿಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಮಿಷಿಗನ್‌ನ ಪೊಲೀಸರಿಂದ ಫೋನು ಬಂತು.

ಅತ್ತೆ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಕರ್ಮ ಮುಗಿಸಿ ಮೈಸೂರಿಗೆ ಹೋದವರು ಇವತ್ತಿಗೂ ಫೋನಿನಲ್ಲಿ ನನ್ನ ಮೊಮ್ಮಗಳು ಚೆನ್ನಾಗಿದಾಳಾ ಎಂದಷ್ಟೇ ಕೇಳುತ್ತಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದ ಗಾದೆಯ ಅರ್ಥ ನನಗೆ ನಲವತ್ತನೇ ವಯಸ್ಸಿಗೆ ತಿಳಿಯಿತು. ಅಂದಿನಿಂದ ಬಾಯಿಗೆ ಬೀಗ ಹಾಕಿದೆ. ಅಕ್ಕಿ ಮುಗಿದರೆ ಹೆಚ್ಚಿದೆ ಅನ್ನುವುದು, ದೀಪ ಆರಿಸುವುದಕ್ಕೆ ದೊಡ್ಡದು ಮಾಡುವುದು ಅನ್ನುವುದು ನಮ್ಮ ಮನೆಯಲ್ಲಿ ಇದ್ದದ್ದೇ. ನಾನು ಅದನ್ನೂ ಮೀರಿದೆ. ಮಗಳಿಗೆ ಹುಷಾರಾಗಿ ಹೋಗು ಎಂದು ಕೂಡ ಹೇಳುತ್ತಿರಲಿಲ್ಲ. ಆ ಮಾತಿನ ಹಿಂದೆ ಇನ್ನೊಂದು ಮಾತು ಇದೆಯಲ್ಲ. ಓಕ್ ಬ್ರೂಕ್‌ನ ಆಫೀಸಿನಲ್ಲಿ ನನ್ನ ಕೆಲಸವೇನೋ ಯಾವ ಪ್ರೋಗ್ರಾಂ ಎಲ್ಲಿ ಕೆಡುತ್ತದೆ ಎಂದು ಮೊದಲೇ ಹೇಳುವುದು. ಅಲ್ಲಿ ಕೆಟ್ಟದ್ದನ್ನು ನುಡಿದು ಸಂಬಳ ತೆಗೆದುಕೊಳ್ಳುತ್ತಿದ್ದೆ, ಮನೆಗೆ ಬಂದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಮೇಷ್ಟ್ರು ಶನಿವಾರ ಬೆಳಿಗ್ಗೆ ಊರಿನ ಗ್ರಂಥಾಲಯದ ಒಂದು ಕೋಣೆಯಲ್ಲಿ ಬಂದವರಿಗೆ ಪಾಠ ಹೇಳುತ್ತಿದ್ದರು. ಬರುತ್ತಿದ್ದವರು ನಾಲ್ಕೈದು ಜನ, ಎಲ್ಲ ವಯಸ್ಸಾದವರು. ಮಗಳ ಈಜು ಕ್ಲಾಸು ಮುಗಿಯುವವರೆಗೆ ಹೊತ್ತು ಹೋಗಲಿ ಎಂದು ನಾನೂ ಹೋಗಿ ಕೂತೆ. ಆ ದಿನ ಅವರು ಒಬ್ಬ ಮಂತ್ರಿಯ ಕಥೆ ಹೇಳುತ್ತಿದ್ದರು. ರಾಜನ ಕೋಪಕ್ಕೆ ಸಿಕ್ಕಿ, ಸೆರೆಮನೆಯಲ್ಲಿ ಸಾವನ್ನು ಕಾಯುತ್ತ ಕೂತವನು ದೇವರಿಗೆ ಎಲ್ಲವೂ ಮೊದಲೇ ಗೊತ್ತಿದ್ದರೆ ನಾನು ಮಾಡಿದ್ದಕ್ಕೆ ನಾನು ಹೊಣೆಯೇ ಎಂದು ಕೇಳಿಕೊಂಡನಂತೆ. ಅವನಿಗೆ ಹೊಳೆದ ಉತ್ತರ, ದೇವರಿಗೆ ಮೊದಲು ಎಂಬುದೇ ಇಲ್ಲ ಎನ್ನುವುದು. ನಮಗೆ ಒಂದಾದ ಮೇಲೊಂದು ಬರುವ ಕಾಲವೆಲ್ಲ ಅವನಿಗೆ ಒಟ್ಟಿಗೇ ಎದುರಿಗಿದೆ. ಇದನ್ನು ಇಂಗ್ಲಿಷಿನಲ್ಲಿ ಎಲ್ಲರಿಗೂ ಹೇಳಿ ಮುಗಿಸಿ, ಕೊನೆಯಲ್ಲಿ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು.

"ನೋಡಮ್ಮ. ಚಾಮುಂಡಿ ಬೆಟ್ಟದ ಮೇಲೆ ನಿಂತಿದೀಯ. ಕೆಳಗಡೆ ನಂಜನಗೂಡಿನ ಬಸ್ಸು ತಿರುವು ತಗೊಳ್ಳೋದು ಕಾಣುತ್ತೆ. ನೀನು ನೋಡಿದ್ದಕ್ಕೆ ಬಸ್ಸು ತಿರುಗ್ತಾ?"

"ಇಲ್ಲ" ಎಂದೆ.

"ಅಷ್ಟೇ. ನೋಡೋದು ಬೇರೆ, ತಳ್ಳೋದು ಬೇರೆ. ಇಷ್ಟು ಹೇಳೋಕೆ ಆ ಸನ್ಯಾಸಿಗಳಿಗೆ ಇನ್ನೂರು ವರ್ಷ ಬೇಕಾಯ್ತು."

ಮುಂದಿನ ಶನಿವಾರ ಮಗಳ ಈಜು ಇರಲಿಲ್ಲ. ಆದರೂ ಹೋದೆ. ಏಳು ವರ್ಷ ಹೋದೆ.

ಮೇಷ್ಟ್ರು ಮೃದು ಮನುಷ್ಯರಲ್ಲ. ಯಾರಾದರೂ ಕಣ್ಣೀರು ತಂದುಕೊಂಡು ನಿಮ್ಮ ಪಾಠದಿಂದ ಸಮಾಧಾನವಾಯಿತು ಎಂದರೆ ಅವರ ಮುಖ ಗಂಟಾಗುತ್ತಿತ್ತು. "ಸಮಾಧಾನ ಬೇಕಿದ್ರೆ ಪಾದ್ರಿಗಳ ಹತ್ರ ಹೋಗಿ, ಗುಡೀಗೆ ಹೋಗಿ. ನಾನು ಪಾಠ ಹೇಳೋನು" ಎನ್ನುತ್ತಿದ್ದರು. ಕಾಫಿ ಮಾತ್ರ ಸ್ಟೀಲ್ ಲೋಟದಲ್ಲೇ ಆಗಬೇಕು, ಚಿಕೋರಿ ಬೆರೆತಿರಬೇಕು. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣ ಕನ್ನಡ ಅಕ್ಷರದಲ್ಲಿ "ಸುಳ್ಳು", "ಪಾಪ, ಸುಸ್ತಾಗಿದ್ದಾನೆ" ಎಂದೆಲ್ಲ ಬರೆಯುತ್ತಿದ್ದರು. ಸತ್ತು ಸಾವಿರ ವರ್ಷವಾದ ಸನ್ಯಾಸಿಗಳು ಅವರಿಗೆ ಪಕ್ಕದ ಮನೆಯವರು.

ಒಂದು ಯುಗಾದಿಗೆ ಅವರನ್ನು ನೇಪರ್‌ವಿಲ್‌ನ ಕನ್ನಡದವರ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗಿದ್ದೆ. ಶಾಲೆಯ ಹಾಲಿನಲ್ಲಿ ಪಂಚಾಂಗ ಶ್ರವಣ. ವಾರವೆಲ್ಲ ಎಂಜಿನಿಯರ್, ಹಬ್ಬಕ್ಕೆ ಪುರೋಹಿತರಾದ ಒಬ್ಬರು ವರ್ಷಫಲ ಓದಿದರು. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕತ್ತು ವಾಲಿಸಿ ಕೂತು ಒಂದಕ್ಷರ ಬಿಡದೆ ಕೇಳಿದರು. ಮುಗಿದ ಮೇಲೆ ಕೈಯೆತ್ತಿ, "ಸ್ವಾಮಿ, ಈ ವರ್ಷ ಇಷ್ಟು ಕೊಳಗ ಮಳೆ ಅಂದ್ರಲ್ಲ, ಅದು ಇಲಿನಾಯ್ಸಿಗೋ, ಮೈಸೂರಿಗೋ?" ಎಂದರು. ಹಾಲಿಗೆ ಹಾಲೇ ನಕ್ಕಿತು. ಪುರೋಹಿತರೂ ನಕ್ಕು, "ಸಾರ್, ಎರಡಕ್ಕೂ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದರು. ವಾಪಸು ಬರುವಾಗ ಮೇಷ್ಟ್ರು ಒಬ್ಬ ಸನ್ಯಾಸಿಯ ವಿಷಯ ಹೇಳಿದರು. ಲೋಕ ಹುಟ್ಟಿ ಎಷ್ಟು ವರ್ಷವಾಯಿತೆಂದು ಜೀವಮಾನವೆಲ್ಲ ಲೆಕ್ಕ ಹಾಕಿದವನಂತೆ. ಆದರೆ ಹಳ್ಳಿಯ ಜನ ಬಂದು ಇನ್ನೆಷ್ಟು ವರ್ಷ ಉಳಿದಿದೆ ಎಂದು ಕೇಳಿದರೆ ಅವನಿಗೆ ರೇಗುತ್ತಿತ್ತಂತೆ. "ಪ್ರವಾದನೆ ಅಂದ್ರೆ ಭವಿಷ್ಯ ಹೇಳೋದು ಅಂತ ಅವತ್ತೂ ತಿಳ್ಕೊಂಡಿದ್ರು, ಇವತ್ತೂ ಹಾಗೇ. ಮುಚ್ಚಿಟ್ಟಿದ್ದನ್ನ ತೆಗೆದು ತೋರ್ಸೋದು ಪ್ರವಾದನೆ. ಅದು ನಿನ್ನೇದಾದ್ರೂ ಆಗಬಹುದು."

ನನ್ನ ನಿನ್ನೆಯದನ್ನು ನಾನು ಅವರಿಗೆ ಹೇಳಿರಲಿಲ್ಲ. ಗಂಡ ಆಕ್ಸಿಡೆಂಟ್‌ನಲ್ಲಿ ಹೋದರು ಎಂದಷ್ಟೇ ಗೊತ್ತಿತ್ತು.

ನಾಲ್ಕನೇ ವರ್ಷದ ಜುಲೈನಲ್ಲಿ ಅವರ ಹಳೆಯ ಕಾಲೇಜಿನ ಕಟ್ಟಡ ಕೆಡವುತ್ತಾರೆಂದು ಸುದ್ದಿ ಬಂತು. ಅವರ ಟಿಪ್ಪಣಿಗಳ ಎರಡು ಪೆಟ್ಟಿಗೆ ಅಲ್ಲಿಯೇ ಉಳಿದಿದ್ದವು. "ಡೆಟ್ರಾಯಿಟ್‌ಗೆ ಕರ್ಕೊಂಡು ಹೋಗ್ತೀಯಾಮ್ಮ?" ಎಂದು ಕೇಳಿದರು. ಏಳು ವರ್ಷದಲ್ಲಿ ಅವರು ಕೇಳಿದ ಸಹಾಯ ಎರಡು, ಇದು ಮೊದಲನೆಯದು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಗಂಡ ಹೋಗುತ್ತಿದ್ದ ಅದೇ ರಸ್ತೆ, ತೊಂಬತ್ತನಾಲ್ಕನೇ ನಂಬರಿನ ಹೆದ್ದಾರಿ. ಗಂಡ ಹೋದ ಮೇಲೆ ನಾನು ಆ ಕಡೆ ತಿರುಗಿರಲಿಲ್ಲ. ಮಿಷಿಗನ್ ಗಡಿ ದಾಟುವವರೆಗೆ ಹೇಗೋ ಡ್ರೈವ್ ಮಾಡಿದೆ. ಪೊಲೀಸರು ಹೇಳಿದ್ದ ಎಕ್ಸಿಟ್ಟಿನ ನಂಬರು ಬೋರ್ಡಿನಲ್ಲಿ ಕಂಡಾಗ ಕಾರನ್ನು ಬಲಗಡೆಯ ಲೇನಿಗೆ ತಂದೆ. ಮುಂದಿನ ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿ ಎಲ್ಲ ಹೇಳಿದೆ. ಹಿಮ, ಜಗಳ, ಆ ಮಾತು, ಅತ್ತೆ ಬಿಡ್ತು ಅನ್ನು ಎಂದದ್ದು, ನಾನು ಅನ್ನದಿದ್ದದ್ದು.

ಮೇಷ್ಟ್ರು ತಮ್ಮ ಕಡೆಯ ಕಿಟಕಿಯ ಗಾಜು ಇಳಿಸಿದರು. ಆಮೇಲೆ, "ಯಾಕೆ ಅನ್ನಲಿಲ್ಲ?" ಎಂದರು.

"ಹಟ, ಮೇಷ್ಟ್ರೆ."

"ಹಟ ನಿನ್ನ ತಪ್ಪು. ಅದನ್ನ ಇಟ್ಕೊ. ಸಾವು ನಿನ್ನದಲ್ಲ, ಅದನ್ನ ಕೆಳಗೆ ಇಡು."

"ನೀವು ಹೇಳೋ ದೇವರು ಬರೀ ನೋಡ್ತಾನೆ ಮೇಷ್ಟ್ರೆ. ನಾನು ನೋಡಲಿಲ್ಲ, ಬಾಯಲ್ಲಿ ಆಡಿದೆ."

"ನಮ್ಮಪ್ಪ ಯಾರನ್ನ ನೋಡಿದ್ರೂ ಕಣ್ಣಲ್ಲೇ ಅಳತೆ ತಗೊಳ್ಳೋರು. ಐದೂವರೆ ಅಡಿ, ಆರು ಅಡಿ ಅಂತ ಬಾಯಿಬಿಟ್ಟೂ ಅನ್ನೋರು. ಬಿಷಪ್ಪರು ಮನೆಗೆ ಬಂದಾಗಲೂ ಅಂದಿದ್ರು. ಅದರಿಂದ ಯಾರೂ ಸಾಯ್ಲಿಲ್ಲ. ಬಿಷಪ್ಪರಂತೂ ನಮ್ಮಪ್ಪನ್ನೇ ಹೂಳಿಸಿದ್ರು." ಹೊರಗೆ ಮಕ್ಕಳು ಹುಲ್ಲಿನ ಮೇಲೆ ಓಡುತ್ತಿದ್ದವು. ಅವನ್ನೇ ನೋಡುತ್ತ ಮೇಷ್ಟ್ರು ಮುಂದುವರಿಸಿದರು. "ಇನ್ನೊಂದು ವಿಷಯ ಇದೆ. ಆ ಕಾಲದವರು ಪ್ರವಾದನೇಲಿ ಒಂದು ಜಾತಿ ಗುರುತಿಸಿದ್ರು, ಬೆದರಿಕೇದು. ಒಬ್ಬ ಪ್ರವಾದಿ ಒಂದು ಪಟ್ಟಣಕ್ಕೆ ಹೋಗಿ ನಲವತ್ತು ದಿನಕ್ಕೆ ನೀವು ಹಾಳಾಗ್ತೀರಿ ಅಂದ. ಜನ ಹೆದರಿ ದಾರಿಗೆ ಬಂದ್ರು, ಪಟ್ಟಣ ಉಳೀತು. ಅವನ ಮಾತು ಸುಳ್ಳಾಯ್ತಾ? ಸುಳ್ಳಾಗ್ಲಿ ಅಂತಲೇ ಆಡಿದ ಮಾತು ಅದು. ನೀನು ಆಡಿದ್ದೂ ಅದೇ. ಅವರು ಕೇಳಿ ಮನೇಲೇ ಉಳಿದಿದ್ರೆ ಸುಳ್ಳಾಗ್ತಿತ್ತು. ಕೇಳಲಿಲ್ಲ. ನಡಿ, ಕತ್ತಲಾಗೋದ್ರೊಳಗೆ ಸೇರ್ಬೇಕು."

ಅಷ್ಟೇ. ಬೆನ್ನು ತಟ್ಟಲಿಲ್ಲ, ಅಳಬೇಡ ಎನ್ನಲಿಲ್ಲ. ನಾನು ಕಾರು ಶುರುಮಾಡಿದೆ. ಗಂಡ ಸತ್ತ ಮೇಲೆ ಮೊದಲ ಸಲ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿದಂತಾಯಿತು. ಸರಿಯಿತು, ಇಳಿಯಲಿಲ್ಲ. ತಲೆಗೆ ಅರ್ಥವಾದದ್ದು ನಾಲಿಗೆಗೆ ಇಳಿಯುವುದಕ್ಕೆ ಎಷ್ಟು ಕಾಲ ಬೇಕು ಎಂದು ಮೇಷ್ಟ್ರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಆರನೇ ವರ್ಷ ಅವರಿಗೆ ಕೆಮ್ಮು ಹಿಡಿಯಿತು. ಶ್ವಾಸಕೋಶ ಮೆಲ್ಲಗೆ ಗಟ್ಟಿಯಾಗುತ್ತ ಹೋಗುವ ಕಾಯಿಲೆ, ಔಷಧ ಅದನ್ನು ನಿಧಾನ ಮಾಡಬಹುದು, ಗುಣಮಾಡುವುದಿಲ್ಲ. ಡಾಕ್ಟರ ಬಳಿ ನಾನೇ ಕರೆದುಕೊಂಡು ಹೋಗಿದ್ದೆ. ಒಂದು ವರ್ಷ ಇರಬಹುದು ಎಂದು ಡಾಕ್ಟರು ಮೆಲುದನಿಯಲ್ಲಿ ಹೇಳಿದರು. ಮೇಷ್ಟ್ರು ಧನ್ಯವಾದ ಹೇಳಿ ಕೋಟು ಹಾಕಿಕೊಂಡರು. ನಾನು ಕಾರಿನಲ್ಲಿ, "ಡಾಕ್ಟರು ಹೇಳೋದೆಲ್ಲ ಹಾಗೇ ಆಗಲ್ಲ, ನಿಮಗೇನೂ ಆಗಲ್ಲ ಮೇಷ್ಟ್ರೆ" ಎಂದೆ.

"ಬರೀ ಎಂಟು ಗಂಟೆ ಪಾಠ ಕೇಳಿಸಿಕೊಂಡೋರ ಹಾಗೆ ಮಾತಾಡ್ತೀಯಲ್ಲ. ಆರು ವರ್ಷ ಕೇಳಿದೋಳು" ಎಂದರು.

ಎರಡನೆಯ ಸಹಾಯ ಕೇಳಿದ್ದು ಆಗ. ತಮಗೆ ಮಾತು ನಿಂತರೆ ತಮ್ಮ ಪರವಾಗಿ ಡಾಕ್ಟರಿಗೆ ಹೇಳುವವರು ಯಾರು ಎಂದು ಬರೆದುಕೊಡುವ ಒಂದು ಫಾರಂ ಇದೆ. ಅದರಲ್ಲಿ ನನ್ನ ಹೆಸರು ಬರೆದು ಮೇಜಿನ ಮೇಲಿಟ್ಟರು. ಉಸಿರು ನಿಲ್ಲುವ ಹೊತ್ತಿಗೆ ಗಂಟಲಿಗೆ ನಳಿಗೆ ಇಳಿಸಿ ಯಂತ್ರಕ್ಕೆ ಹಾಕಬಾರದು ಎಂದು ಸ್ಪಷ್ಟವಾಗಿ ಬರೆದಿದ್ದರು.

"ನನ್ನ ಬಾಯಿ ಒಳ್ಳೇದಲ್ಲ ಮೇಷ್ಟ್ರೆ. ಬೇರೆ ಯಾರದಾದ್ರೂ ಹೆಸರು ಹಾಕಿ."

"ನಿನ್ನ ಬಾಯಿ ಗೊತ್ತಿದ್ದೇ ಹಾಕಿದೀನಿ. ನಾನು ಒಂದು ಸಲ ಸಾಯ್ಬೇಕಮ್ಮ. ದಿನಾ ದಿನಾ ಅಲ್ಲ. ಸೈನ್ ಮಾಡು."

ಮಾಡಿದೆ. ಆಮೇಲೆ ಭಾನುವಾರಗಳಂದು ಅದನ್ನು ಬಾಯಿಪಾಠ ಮಾಡಿಸುವುದಕ್ಕೆ ಶುರುಮಾಡಿದರು. ಮೂಗಿಗೆ ಆಕ್ಸಿಜನ್ ಕೊಳವೆ, ಎದುರಿಗೆ ಕಾಫಿ ಲೋಟ. ನಾನು ಹೇಳಬೇಕಾದದ್ದು ಮೂರೇ ಮಾತು: ಇವರು ಸಾಯುತ್ತಿದ್ದಾರೆ, ಯಂತ್ರ ಬೇಡ, ನೋವಾಗದ ಹಾಗೆ ನೋಡಿಕೊಳ್ಳಿ. ಎರಡನೆಯದು, ಮೂರನೆಯದು ಸರಾಗವಾಗಿ ಬರುತ್ತಿತ್ತು. ಮೊದಲನೆಯದಕ್ಕೆ ಬಂದರೆ ನಾಲಿಗೆ ಬೇರೆ ದಾರಿ ಹಿಡಿಯುತ್ತಿತ್ತು.

"ಅವರಿಗೆ ಒಂದು ವೇಳೆ ಏನಾದ್ರೂ ಆದ್ರೆ..."

"ಏನಾದ್ರೂ ಅಂದ್ರೆ? ಮದುವೇನಾ?"

"ಹೆಚ್ಚು ಕಮ್ಮಿ ಆದ್ರೆ..."

"ಯಾವುದು ಹೆಚ್ಚು, ಯಾವುದು ಕಮ್ಮಿ? ಸಾಯ್ತಾ ಇದಾರೆ ಅನ್ನು."

ಆಗಲಿಲ್ಲ. ಎಷ್ಟೋ ಭಾನುವಾರ ಆಗಲಿಲ್ಲ. ಮೇಷ್ಟ್ರು ಮೊದಮೊದಲು ನಕ್ಕರು, ಆಮೇಲೆ ರೇಗಿದರು. ಕೊನೆಗೆ ಒಂದು ದಿನ ಸುಸ್ತಾಗಿ ಕಣ್ಣು ಮುಚ್ಚಿಕೊಂಡು, "ಹೋಗ್ಲಿ ಬಿಡು. ಆ ಹೊತ್ತಿಗೆ ಬರುತ್ತೆ, ನಿನ್ನ ನಾನು ಬಲ್ಲೆ" ಎಂದರು. ನನಗೆ ತಿಳಿದಂತೆ ಮೇಷ್ಟ್ರು ಜೀವಮಾನದಲ್ಲಿ ಹೇಳಿದ ಭವಿಷ್ಯ ಅದೊಂದೇ. ಅದು ಸುಳ್ಳಾಯಿತು.

ಫೆಬ್ರವರಿಯ ಒಂದು ಗುರುವಾರ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಅಪಾರ್ಟ್‌ಮೆಂಟಿನ ಮ್ಯಾನೇಜರ್ ಫೋನು ಮಾಡಿದ, ಅಂಬುಲೆನ್ಸ್ ಕರೆದಿದ್ದೇನೆ ಎಂದ. ಓಕ್ ಬ್ರೂಕ್‌ನಿಂದ ಆಸ್ಪತ್ರೆಗೆ ಐವತ್ತು ನಿಮಿಷ. ಫಾರಂ ನನ್ನ ಕೈಚೀಲದಲ್ಲೇ ಇತ್ತು, ಆರು ತಿಂಗಳಿಂದ ಇತ್ತು. ಎಮರ್ಜೆನ್ಸಿಯಲ್ಲಿ ಮೇಷ್ಟ್ರಿಗೆ ಮೈಮೇಲೆ ಎಚ್ಚರವಿರಲಿಲ್ಲ. ಎದೆ ಒಂದೇ ಸಮನೆ ಏರಿಳಿಯುತ್ತಿತ್ತು, ತುಟಿ ನೀಲಿ. ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಇವರ ಪರವಾಗಿ ಮಾತಾಡುವವರು ನೀವೇ ತಾನೆ, ನಳಿಗೆ ಹಾಕಿದರೆ ಆಮೇಲೆ ತೆಗೆಯುವ ಸ್ಥಿತಿ ಬರದೇ ಇರಬಹುದು, ಇವರ ಇಷ್ಟ ಏನಿತ್ತು ಎಂದು ಕೇಳಿದಳು. ಪಾಪ, ಎಷ್ಟು ನಿಧಾನವಾಗಿ, ಎಷ್ಟು ಸರಿಯಾಗಿ ಕೇಳಿದಳು. ಅವಳ ಮೇಲೆ ಯಾವ ತಪ್ಪೂ ಇಲ್ಲ.

ಬಾಯಿ ತೆರೆದೆ. ಅಡುಗೆಮನೆ ಕಂಡಿತು, ಅತ್ತೆ ಕಂಡರು, ಟಿಫನ್ ಬಾಕ್ಸ್ ಕಂಡಿತು. ನಾನು ಆಡಿದರೆ ಇವರು ಸಾಯುತ್ತಾರೆ, ಆಡದಿದ್ದರೆ ಉಳಿಯುತ್ತಾರೆ ಎಂದು ಒಳಗೆ ಯಾರೋ ಹೇಳಿದ ಹಾಗಾಯಿತು. ಚೀಲವನ್ನು ಕೈ ಎದೆಗೆ ಒತ್ತಿ ಹಿಡಿದಿತ್ತು. "ಪ್ಲೀಸ್, ಏನೇನು ಮಾಡಬಹುದೋ ಎಲ್ಲ ಮಾಡಿ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ತಲೆಯಾಡಿಸಿ ಒಳಗೆ ಓಡಿದಳು. ಎರಡು ನಿಮಿಷದಲ್ಲಿ ಆಗಿಹೋಯಿತು.

ಒಂಬತ್ತು ದಿನ. ಮೊದಲ ಎರಡು ದಿನ ನಿದ್ದೆಯ ಔಷಧದಲ್ಲಿದ್ದರು. ಆಮೇಲೆ ಬೆಳಿಗ್ಗೆ ಒಂದಿಷ್ಟು ಹೊತ್ತು ಔಷಧ ಕಡಿಮೆ ಮಾಡಿ ನೋಡುತ್ತಿದ್ದರು. ಎಚ್ಚರವಾದ ಕೂಡಲೇ ಅವರ ಕೈ ಗಂಟಲಿನ ಕಡೆ ಹೋಗುತ್ತಿತ್ತು. ಕಿತ್ತುಕೊಂಡಾರು ಎಂದು ನರ್ಸುಗಳು ಎರಡೂ ಕೈಗೆ ಮೆತ್ತನೆ ಪಟ್ಟಿ ಸುತ್ತಿ ಮಂಚದ ಸರಳಿಗೆ ಕಟ್ಟಿದರು. ನಾಲ್ಕನೇ ದಿನ ಕಣ್ಣು ಬಿಟ್ಟು ನನ್ನನ್ನು ಗುರುತಿಸಿದರು. ನೋಡಿದರು, ನೋಡಿದರು. ಬೈಗುಳ ಇರಲಿಲ್ಲ ಆ ನೋಟದಲ್ಲಿ, ಪ್ರಶ್ನೆ ಇತ್ತು. ನಾನು ಎದ್ದು ಹೊರಗೆ ಬಂದು ಕಾಫಿ ಯಂತ್ರದ ಮುಂದೆ ನಿಂತೆ. ಮರುದಿನ ಹೋದೆ, ಅದೇ ನೋಟ. ಇವತ್ತು ಹೇಳುತ್ತೇನೆ ಎಂದುಕೊಂಡು ದಿನಾ ಹೋದೆ. ದಿನಾ ಡಾಕ್ಟರು ಸ್ವಲ್ಪವೂ ಸುಧಾರಣೆ ಇಲ್ಲ ಎಂದಾಗ, ನಾಳೆ ನೋಡೋಣ ಎಂದೆ.

ಒಂಬತ್ತನೇ ದಿನ ಶುಕ್ರವಾರ, ಆನ್ ಆರ್ಬರ್‌ನಲ್ಲಿ ಓದುತ್ತಿದ್ದ ಮಗಳು ಕ್ಲಾಸು ಬಿಟ್ಟು ಬಂದಳು. ಶನಿವಾರಗಳಂದು ನನಗಾಗಿ ಕಾಯುತ್ತ ಮೇಷ್ಟ್ರ ಪಾಠದ ಕೋಣೆಯಲ್ಲೇ ಹೋಮ್‌ವರ್ಕ್ ಮಾಡಿ ಬೆಳೆದವಳು ಅವಳು. ಕಣ್ಣೊರೆಸಿಕೊಳ್ಳಲು ಟಿಶ್ಯೂ ಹುಡುಕುತ್ತ ನನ್ನ ಚೀಲಕ್ಕೆ ಕೈ ಹಾಕಿದಳು. ಫಾರಂ ಸಿಕ್ಕಿತು. ನಿಂತಲ್ಲೇ ಓದಿದಳು.

"ಅಮ್ಮಾ, ಹಿ ಡಿಡ್ ನಾಟ್ ವಾಂಟ್ ದಿಸ್."

"ಹೌದು."

"ಯು ನ್ಯೂ?"

"ಗೊತ್ತಿತ್ತು ಪುಟ್ಟ. ಹೇಳೋಕೆ ಆಗಲಿಲ್ಲ."

ಅವಳು ಕೂಗಾಡಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಸಾಯುವುದಕ್ಕೆ ಅನುಮತಿಯೇ ಇಲ್ಲ, ಅಪ್ಪ ಸತ್ತದ್ದನ್ನೂ ಈ ಎಂಟು ವರ್ಷದಲ್ಲಿ ನೀನು ಒಂದು ಸಲವೂ ಬಾಯಿಬಿಟ್ಟು ಹೇಳಿಲ್ಲ ಎಂದಳು, ಇಂಗ್ಲಿಷಿನಲ್ಲಿ, ತಣ್ಣಗೆ. ನಾನು ಒಬ್ಬಳೇ ಅತ್ತಿದ್ದೇನೆ ಅಮ್ಮ, ನಿನಗೆ ಗೊತ್ತಾ ಎಂದಳು. ನನಗೆ ಗೊತ್ತಿರಲಿಲ್ಲ. ಆಮೇಲೆ ಕಾಗದ ಹಿಡಿದುಕೊಂಡು, "ಶಲ್ ಐ ಟೆಲ್ ದೆಮ್?" ಎಂದಳು.

ಹತ್ತೊಂಬತ್ತು ವರ್ಷದ ಹುಡುಗಿ. ನಾನು ಹೊರಲಾರದ್ದನ್ನು ಹೊರಲು ಬಾಗಿಲ ಕಡೆ ಎರಡು ಹೆಜ್ಜೆ ಹಾಕಿಯೂಬಿಟ್ಟಿದ್ದಳು. ಅವಳ ಕೈಯಿಂದ ಕಾಗದ ತೆಗೆದುಕೊಂಡೆ. ಮೊದಲು ಮೇಷ್ಟ್ರ ಮಂಚದ ಹತ್ತಿರ ಹೋದೆ. ಔಷಧ ಕಡಿಮೆ ಮಾಡಿದ್ದರು, ಕಣ್ಣು ತೆರೆದಿತ್ತು. "ಮೇಷ್ಟ್ರೆ, ನಿಮ್ಮ ಮಾತು ನಾನು ಹೇಳಲಿಲ್ಲ. ಈಗ ಹೋಗಿ ಹೇಳ್ತೀನಿ" ಎಂದೆ. ಅವರು ರೆಪ್ಪೆ ಮುಚ್ಚಿ ತೆರೆದರು. ಹೊರಗೆ ಬಂದು ದೊಡ್ಡ ಡಾಕ್ಟರಿಗೆ ಫಾರಂ ಕೊಟ್ಟು ಮೂರು ಮಾತನ್ನೂ ಕ್ರಮವಾಗಿ ಹೇಳಿದೆ. ಮೊದಲನೆಯದೂ ಬಂತು. ಡಾಕ್ಟರು ಓದಿ, ತಿಳಿಸಿದ್ದಕ್ಕೆ ಥ್ಯಾಂಕ್ಸ್ ಎಂದರು. ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಲೂ ಇಲ್ಲ.

ಮಧ್ಯಾಹ್ನ ಪಟ್ಟಿ ಬಿಚ್ಚಿದರು, ನಳಿಗೆ ತೆಗೆದರು. ಗಂಟಲಿನಿಂದ ರಕ್ತ ಬಂತು. ನೋವಿಗೆ ಔಷಧ ಕೊಟ್ಟರು. ಮಗಳು ಒಂದು ಕಡೆ, ನಾನು ಒಂದು ಕಡೆ ಕೂತೆವು. ಸ್ವಲ್ಪ ಹೊತ್ತಿನ ಮೇಲೆ ಅವರ ತುಟಿ ಅಲುಗಿತು. ಬಗ್ಗಿ ಕಿವಿ ಕೊಟ್ಟೆ.

"ತಡ ಮಾಡಿದೆಯಲ್ಲಮ್ಮ."

"ಹ್ಞೂಂ ಮೇಷ್ಟ್ರೆ. ತಡ ಮಾಡಿದೆ."

"ಹೇಳು."

ಕೇಳಿದ್ದು ಭಾನುವಾರದ ಪಾಠ. "ನೀವು ಸಾಯ್ತಾ ಇದೀರಿ ಮೇಷ್ಟ್ರೆ" ಎಂದೆ. "ಹಾಂ" ಎಂದರು, ಲೆಕ್ಕ ಸರಿ ಮಾಡಿದ ಹುಡುಗಿಗೆ ಅನ್ನುವ ಹಾಗೆ. ಅದಾದ ಮೇಲೆ ಮಾತಿಲ್ಲ. ನಲವತ್ತು ನಿಮಿಷಕ್ಕೆ ಸತ್ತರು. ತೀರಿಕೊಂಡರು ಎಂದು ಬರೆಯಬೇಕು, ದೊಡ್ಡವರು. ಹಾಗೆ ಬರೆದರೆ ಅವರಿಗೆ ಸಿಟ್ಟು ಬರುತ್ತದೆ.

ಕ್ಷಮಿಸಿದರೇ? ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಮಣ್ಣಿಗಿಟ್ಟ ಮರುವಾರ ಮಗಳ ಹೆಸರಿಗೆ ನನ್ನ ಫಾರಂ ಬರೆದೆ. ನಮ್ಮ ಅಡುಗೆಮನೆಯ ಮೇಜಿನ ಮುಂದೆ ಅವಳನ್ನು ಕೂರಿಸಿ ಮೂರೂ ಮಾತು ಹೇಳಿಸಿದೆ. ಅಳುತ್ತಾ ಹೇಳಿದಳು, ತಪ್ಪಿಲ್ಲದೆ ಹೇಳಿದಳು. ಆಮೇಲೆ ಅವಳ ಅಪ್ಪ ಸತ್ತ ದಿನದ ಬಗ್ಗೆ ಮೊದಲ ಸಲ ಮಾತಾಡಿದೆವು. ನಾನು ಆಡಿದ ಮಾತನ್ನೂ ಹೇಳಿದೆ. ಅವಳು ಕೇಳಿ, ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟು ನಿಂತಳು. ಇಷ್ಟು ಮೇಷ್ಟ್ರು ಕೊಟ್ಟದ್ದು, ಅವರನ್ನು ನೋಯಿಸಿ ನಾನು ಪಡೆದದ್ದು.

ಗ್ರಂಥಾಲಯದ ಆ ಕೋಣೆಗೆ ಈಗಲೂ ಕೆಲವು ಶನಿವಾರ ಹೋಗಿ ಕೂರುತ್ತೇನೆ. ಕಾಲ ಎಲ್ಲವನ್ನೂ ಮರೆಸುತ್ತದೆ ಎಂದು ಜನ ಹೇಳುತ್ತಾರೆ. ಮೇಷ್ಟ್ರ ಶಿಷ್ಯೆಗೆ ಆ ಸೌಲಭ್ಯವಿಲ್ಲ. ದೇವರ ಎದುರಿಗೆ ಯಾವುದೂ ಕಳೆದುಹೋಗುವುದಿಲ್ಲ, ಆದದ್ದು ಆಗುತ್ತಲೇ ಇರುತ್ತದೆ ಎಂಬುದನ್ನು ಅವರು ನನಗೆ ಏಳು ವರ್ಷ ಕಲಿಸಿದರು. ಆ ಪಾಠ ಸುಳ್ಳಾಗಿರಲಿ ಎಂದು ನಾನು ದಿನಾ ಬೇಡಿಕೊಳ್ಳುತ್ತೇನೆ. ನಿಜವಾದರೆ, ಮೇಷ್ಟ್ರ ಎರಡು ಕೈಯೂ ಇನ್ನೂ ಕಟ್ಟಿಯೇ ಇವೆ, ಅವರು ನನ್ನನ್ನು ನೋಡುತ್ತಲೇ ಇದ್ದಾರೆ, ನಾನು ನಾಳೆ ಎನ್ನುತ್ತಲೇ ಇದ್ದೇನೆ.